ನೀಲಿ ಕಾಗದದ ಸಕ್ಕರೆ ಅಚ್ಚು

ಗಿಜ್ಲಾನ್ ಹಿಟ್ಟು ನಾದುತ್ತಿದ್ದಳು. ರೊಟ್ಟಿಯನ್ನು ಬೇಯಿಸಲು ಓಣಿಯ ಒಲೆಮನೆಗೆ ಒಯ್ಯುವ ಹೊತ್ತು. ಮಗಳು ವಿಯಾಮ್ ಹಲಗೆ ಹಿಡಿದು ಕಾಯುತ್ತಿದ್ದಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ಅಮ್ಮಾ, ಜವಾದ್ ಮಾಮ!"

ಹೊಸ್ತಿಲಲ್ಲಿ ಆರೋಗ್ಯ ಕೇಂದ್ರದ ನರ್ಸ್ ಜವಾದ್ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ. ಕಂಕುಳಲ್ಲಿ ನೀಲಿ ಕಾಗದ ಸುತ್ತಿದ, ಗೋಪುರದಂಥ ಗಟ್ಟಿ ಸಕ್ಕರೆ ಅಚ್ಚು.

ಗಿಜ್ಲಾನಳ ಕೈ ಹಿಟ್ಟಿನಲ್ಲೇ ನಿಂತಿತು. ಗಂಡ ತೀರಿಕೊಂಡಾಗ ತೆತುವಾನ್ ಊರಿನ ಈ ಓಣಿಯವರೆಲ್ಲ ಸಾಂತ್ವನ ಹೇಳಲು ಇಂಥದೇ ಸಕ್ಕರೆ ಹಿಡಿದು ಬಂದಿದ್ದರು. ಅವಳ ಕತ್ತಿನ ಗಂಟಿನ ರಿಪೋರ್ಟ್ ತರಲು ಹೋಗಿದ್ದವನು ಇವನೇ.

ಆ ಗಂಟಿಗೆ ಸೂಜಿ ಹಾಕಿ ಪರೀಕ್ಷಿಸಲು ಅವಳು ಬಹಳ ದಿನ ಒಪ್ಪಿರಲಿಲ್ಲ. ಸೂಜಿ ತಾಗಿದರೆ ಕಾಯಿಲೆ ಮೈಯೆಲ್ಲ ಹರಡುತ್ತದೆಂದು, ಲಕ್ಷಾಂತರ ಜನ ನೋಡಿದ ವಿಡಿಯೋದಲ್ಲಿ ಬಿಳಿ ಕೋಟಿನವನೊಬ್ಬ ಹೇಳಿದ್ದ. ಜವಾದ್ ನಗಲಿಲ್ಲ, ಗದರಲಿಲ್ಲ. ಪಕ್ಕದಲ್ಲಿ ಕೂತು ಅವಳ ಫೋನಿನಲ್ಲೇ ಅದನ್ನು ಪೂರ್ತಿ ನೋಡಿದ.

"ಇವರು ಓದಿದ್ದೆಲ್ಲಿ? ಈ ಮಾತು ನಿಜ ಅಂತ ಪರೀಕ್ಷೆ ಮಾಡಿ ನೋಡಿದ್ಯಾರು?" ಎಂದು ಮೆಲ್ಲಗೆ ಕೇಳಿದ್ದ. ವಿಡಿಯೋದಲ್ಲಿ ಉತ್ತರವಿರಲಿಲ್ಲ, ಕೊನೆಗೆ ಎಣ್ಣೆ ಬಾಟಲಿಯ ಜಾಹೀರಾತು ಇತ್ತು.

ಆಮೇಲೆ ಜವಾದನೇ ಸೂಜಿ ಪರೀಕ್ಷೆಯ ಬಗ್ಗೆ ಊರ ಆಡುಮಾತಿನಲ್ಲೊಂದು ವಿಡಿಯೋ ಮಾಡಿದ. ನೋಡಿದವರು ಬೆರಳೆಣಿಕೆಯಷ್ಟೇ.

"ಅದ್ರಲ್ಲಿ ಅರ್ಧ ನಾನೇ," ಎಂದು ಅವಳು ರೇಗಿಸಿದ್ದಳು. "'ಇದು ನಂಗೆ ಗೊತ್ತಿಲ್ಲ, ಡಾಕ್ಟರನ್ನ ಕೇಳಿ' ಅಂತ ಎಷ್ಟು ಸಲ ಹೇಳ್ತೀರಾ! ಹಾಗಾದ್ರೆ ಯಾರು ನೋಡ್ತಾರೆ?"

"ನೀವು ನೋಡಿದ್ರಲ್ಲ," ಎಂದವನ ಕಿವಿ ಕೆಂಪಾಗಿತ್ತು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವನನ್ನು ನಂಬಿಯೇ ಅವಳು ಸೂಜಿಗೆ ಕತ್ತು ಕೊಟ್ಟಿದ್ದಳು.

"ಹೇಳಿಬಿಡಿ," ಎಂದಳು ಈಗ. "ಎಷ್ಟು ದಿನ ಅಂದ್ರು?"

"ಏನು ದಿನ? ಅಯ್ಯೋ, ಗಿಜ್ಲಾನ್ ಅವರೇ, ಕ್ಯಾನ್ಸರ್ ಅಲ್ಲ! ಡಾಕ್ಟರೇ ಓದಿ ಹೇಳಿದ್ರು. ಅವರು ಹೇಳಿದಾಗ ಸ್ಕ್ಯಾನ್ ಮಾಡಿಸ್ಕೊಂಡ್ರೆ ಸಾಕು."

ಅವಳು ನಗುತ್ತ ಅತ್ತಳು, ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆ ಹಿಟ್ಟು ಮೆತ್ತಿಕೊಂಡಳು. ಅವನ ನೋಟ ಆ ಬಿಳಿ ಗುರುತಿನ ಮೇಲೆಯೇ ನಿಂತಿತು.

"ಮತ್ತೆ ಸಕ್ಕರೆ ಯಾಕೆ ತಂದ್ರಿ, ಮಹಾರಾಯ್ರೇ? ನನ್ನ ಜೀವಾನೇ ಹೋಗಿತ್ತು!"

ಉತ್ತರ ಮೆಟ್ಟಿಲ ಕೆಳಗಿನಿಂದ ಬಂತು. "ಏ ಜವಾದ್, ಅವಳನ್ನ ಕೇಳಿದ್ಯೋ ಇಲ್ವೋ? ಈ ಮಂಡಿ ಇಟ್ಕೊಂಡು ನಾನೇ ಹತ್ತಿ ಬರ್ಬೇಕಾ?"

"ನಮ್ಮಮ್ಮ," ಎಂದ ಅವನು ತಲೆ ತಗ್ಗಿಸಿ.

ಗಿಜ್ಲಾನ್‌ಗೆ ಆಗ ಹೊಳೆಯಿತು. ಹೆಣ್ಣು ಕೇಳಲು ಬರುವವರೂ ಇದನ್ನೇ ತರುತ್ತಾರೆ, ಒಳಗಿಟ್ಟುಕೊಂಡರೆ ಒಪ್ಪಿದಂತೆ. ಕಾಗದದ ಅಂಚು ಸವೆದು ಬಣ್ಣ ಮಾಸಿತ್ತು.

"ಹಳೇದು ತಂದಿದ್ದೀರಾ?"

"ನೀವು ಸೂಜಿ ಹಾಕಿಸ್ಕೊಂಡ ದಿನಾನೇ ತಂದಿಟ್ಟಿದ್ದೆ. ರಿಪೋರ್ಟ್ ಏನೇ ಬರಲಿ, ಕೇಳೋದು ಕೇಳೋದೇ ಅಂತ." ಅಚ್ಚನ್ನು ಅವಳತ್ತ ಚಾಚಿದ. "ನಿಮ್ಮ ಉತ್ತರ ಏನೋ, ಅದು ಮಾತ್ರ ನಂಗೆ ಗೊತ್ತಿಲ್ಲ."

ಅವಳು ಕೈ ಚಾಚಿ ಅಚ್ಚನ್ನು ಎತ್ತಿಕೊಂಡಳು. ನೀಲಿ ಕಾಗದದ ಮೇಲೆ ಹಿಟ್ಟಿನ ಬೆರಳುಗಳು ಬೆಳ್ಳಗೆ ಮೂಡಿದವು.

ಇಬ್ಬರ ಮುಖವನ್ನೂ ಮತ್ತೆ ಮತ್ತೆ ನೋಡುತ್ತಿದ್ದ ವಿಯಾಮ್‌ಗೆ ಇನ್ನು ತಡೆಯಲಾಗಲಿಲ್ಲ. ಹಲಗೆ ಕೆಳಗಿಟ್ಟು, ಮೆಟ್ಟಿಲ ಕೆಳಗಿನ ಅಜ್ಜಿಗೂ ಕೇಳುವಂತೆ ಜೋರಾಗಿ ಕೇಳಿದಳು:

"ಅಮ್ಮಾ, ಈ ಸಕ್ಕರೆ ನಾವು ಇಟ್ಕೊಳ್ಳೋಣ್ವಾ?"