ನಳಿಗೆಯ ಅಡಿಯ ಹಸಿರು

"ನನ್ನನ್ನ ಕಳ್ಳ ಅಂದ್ಬಿಟ್ರು, ಅಕ್ಕಾ," ಎಂದು ಡ್ರೈವರಣ್ಣ ಶೂ ಡಬ್ಬಿಯನ್ನು ಎದೆಗವಚಿಕೊಂಡು ನಮ್ಮ ಬಾಗಿಲಲ್ಲಿ ನಿಂತಾಗ ನಾನು ಪೇಪರನ್ನು ಇನ್ನೂ ಬಿಡಿಸಿರಲಿಲ್ಲ. ಬೀದಿಯ ಯಾವ ಕಗ್ಗಂಟಾದರೂ ನಮ್ಮ ಅತ್ತಿಗೆಯ ಮುಂದೆಯೇ ಬಂದು ಬೀಳುತ್ತದೆ. ಬಿಡಿಸುವವರು ಅವರು, ಬಂದವರಿಗೆ ಟೀ ಕಾಸುವವನು ನಾನು.

ಬಸ್ ಬಿಟ್ಟು ನಿವೃತ್ತರಾದ ಮೇಲೆ ಡ್ರೈವರಣ್ಣನಿಗಿದ್ದ ಒಂದೇ ಸಂತೋಷ ಬೀದಿ ಕೊನೆಯ ಮಾಡೆಲ್ ಕ್ಲಬ್ಬು. ಅಲ್ಲಿ ಅಂಗೈಯಗಲದ ಆಟಿಕೆ ಯುದ್ಧಟ್ಯಾಂಕುಗಳಿಗೆ ಬಣ್ಣ ಬಳಿಯುವ ಸ್ಪರ್ಧೆ ನಡೆದಿತ್ತು. ಬಣ್ಣವನ್ನು ಗಾಳಿಯಿಂದ ಊದುವ ಏರ್‌ಬ್ರಷ್ ಮುಟ್ಟುವಂತಿಲ್ಲ ಎಂಬುದು ನಿಯಮ. ಆದರೆ ಕ್ಲಬ್ಬಿನ ಏರ್‌ಬ್ರಷ್ಷೇ ಕಳೆದ ವಾರ ಬೀರುವಿನಿಂದ ಮಾಯವಾಗಿತ್ತು. ಬೀಗ ಒಡೆದಿರಲಿಲ್ಲ. ಕೀಲಿ ಕಾರ್ಯದರ್ಶಿಯ ಜೇಬಿನಲ್ಲೇ ಇರುತ್ತಿತ್ತು. ಡ್ರೈವರಣ್ಣನ ಟ್ಯಾಂಕಿನ ಹಸಿರು, ಕಂದು ಪಟ್ಟೆಗಳ ಅಂಚು ಹೊಗೆಯ ಹಾಗೆ ಕರಗಿರುವುದನ್ನು ಕಂಡ ಕಾರ್ಯದರ್ಶಿ, ಕುಂಚದಿಂದ ಇದು ಆಗದ ಮಾತು, ಕದ್ದವರು ಇವರೇ ಎಂದು, ಸಂಜೆಯ ಸಭೆಯಲ್ಲಿ ಸದಸ್ಯತ್ವ ರದ್ದು ಮಾಡುವುದಾಗಿ ಸಾರಿದ್ದರು.

"ಹಾಗಾದ್ರೆ ಹೇಗೆ ಬಳಿದ್ರಿ?" ಅತ್ತಿಗೆ ಕೇಳಿದರು.

ಡ್ರೈವರಣ್ಣ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದರು. "ಅದೊಂದು ಕೇಳ್ಬೇಡಿ."

ನನಗೆ ರೇಗಿತು. ನೆರವು ಕೇಳಿ ಬಂದವರು ಬಾಯಿಗೆ ಬೀಗ ಹಾಕಿಕೊಂಡರೆ ಏನು ಮಾಡುವುದು? ಅತ್ತಿಗೆ ಮಾತ್ರ ಭೂತಗನ್ನಡಿ ಹಿಡಿದು ಡಬ್ಬಿಯಲ್ಲಿದ್ದ ಟ್ಯಾಂಕನ್ನು ತೆಗೆದು ಓರೆ ಮಾಡಿದರು. ನಾನೂ ಇಣುಕಿದೆ. ತೋಪಿನ ನಳಿಗೆಯ ಅಡಿಯ ಕವಚದ ಮೇಲೂ ಹಸಿರು ತುಂಬಿತ್ತು. ಪಟ್ಟೆಯ ಅಂಚಿನುದ್ದಕ್ಕೂ ಒಂದೇ ಆಕಾರದ ಸಣ್ಣ ಚುಕ್ಕೆಗಳಿದ್ದವು.

ಸಂಜೆ ಕ್ಲಬ್ಬಿನ ಹಾಲ್ ತುಂಬಿತ್ತು. ಕಾರ್ಯದರ್ಶಿಯ ಹೆಂಡತಿ ಕೇಕ್ ಮಾಡಿ ಮಾರುವವರು. ಅವರು ತಂದ ಕೇಕಿನ ನೀಲಿ, ಮೇಲಿಂದ ಕೆಳಕ್ಕೆ ತೆಳುವಾಗುತ್ತ ಬಿಳಿಯಲ್ಲಿ ಕರಗಿತ್ತು. ಸಕ್ಕರೆ ಹೂಗಳ ಒಂದು ಮಗ್ಗುಲಲ್ಲಿ ಮಾತ್ರ ಬೆಳ್ಳನೆಯ ಕಲೆ. ನಾನು ಒಂದು ತುಂಡಿಗೆ ಕೈ ಹಾಕಿದ್ದೇ ತಡ, ಅತ್ತಿಗೆ ಆ ಕೈಗೊಂದು ಕೊಟ್ಟು, "ಯಾರೂ ತಿನ್ಬೇಡಿ, ಸ್ವಲ್ಪ ತಡೀರಿ," ಎಂದರು.

ಆಮೇಲೆ ಟ್ಯಾಂಕನ್ನು ಮೇಜಿನ ಮೇಲಿಟ್ಟರು. "ಊದಿದ ಬಣ್ಣ ನೇರ ಹೋಗುತ್ತೆ. ನಡುವೆ ಏನಾದ್ರೂ ಅಡ್ಡ ಬಂದ್ರೆ ಅದರ ಹಿಂದೆ ಬೀಳಲ್ಲ. ಇಲ್ಲಿ ನಳಿಗೆಯ ಅಡೀಲೂ ಹಸಿರಿದೆ."

"ಓರೆಯಾಗಿ ಊದಿರಬಹುದಲ್ಲ?" ಕಾರ್ಯದರ್ಶಿ ಬಿಡಲಿಲ್ಲ.

"ಊದಿದ್ರೆ ಈ ಚುಕ್ಕೆಗಳು ಎಲ್ಲಿಂದ ಬಂದ್ವು? ಒಂದೇ ಆಕಾರ, ಮತ್ತೆ ಮತ್ತೆ. ಇದು ಪಾತ್ರೆ ತೊಳೆಯೋ ಸ್ಪಂಜಿನ ಚೂರು. ಬಣ್ಣದಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ಉಳಿದಷ್ಟನ್ನ ಅಂಚಿಗೆ ಒತ್ತಿದ್ದಾರೆ."

"ಮತ್ತೆ ಏರ್‌ಬ್ರಷ್ ಎಲ್ಲಿ ಹೋಯ್ತು?"

"ಕೇಕಿನ ಹೂಗಳನ್ನ ನೋಡಿ. ಬಣ್ಣ ಒಂದು ಕಡೆಯಿಂದ ಬಂದು ಹೂವಿಗೆ ತಡೆದು ನಿಂತಿದೆ, ಅದರ ಮರೆಯಲ್ಲಿ ಬೆಳ್ಳಗಿದೆ. ನಿಮ್ಮ ಜೇಬಿನ ಕೀಲಿ ಇನ್ಯಾರ ಕೈಗೆ ಸಿಗುತ್ತೆ, ನೀವೇ ಹೇಳಿ."

ಕಾರ್ಯದರ್ಶಿಯ ಹೆಂಡತಿ ಕೆಂಪಾದರು. "ಕೇಕಿಗೆ ಬಣ್ಣ ಊದೋ ನನ್ನ ಏರ್‌ಬ್ರಷ್ ಕಟ್ಟಿಕೊಂಡಿತ್ತು ರೀ. ಎರಡು ದಿನಕ್ಕೆ ಅಂತ ತಗೊಂಡೆ. ಅಷ್ಟರಲ್ಲಿ ನೀವು ಕಳ್ಳ ಕಳ್ಳ ಅಂತ ಬೀದಿಯೆಲ್ಲ ಎಬ್ಬಿಸಿಬಿಟ್ರಿ. ಹೇಳೋಕೆ ಬಾಯೇ ಬರಲಿಲ್ಲ. ಆದ್ರೆ ಚೆನ್ನಾಗಿ ತೊಳೆದಿದ್ದೀನಿ!"

ಹಿಂದಿನ ಸಾಲಿನಲ್ಲಿ ಯಾರೋ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. ನನಗೆ ನಗು ತಡೆಯಲಾಗಲಿಲ್ಲ.

"ಉಳಿದದ್ದು ನೀವೇ ಹೇಳಿ, ಅಣ್ಣಾ," ಎಂದರು ಅತ್ತಿಗೆ.

ಡ್ರೈವರಣ್ಣ ಜೇಬಿನಿಂದ ಕೈ ತೆಗೆದು ಎಲ್ಲರ ಮುಂದೆ ಚಾಚಿದರು. ಬೆರಳುಗಳು ನಡುಗುತ್ತಿದ್ದವು. "ಕುಂಚದಲ್ಲಿ ಗೆರೆ ನಿಲ್ಲಲ್ಲ. ಗೊತ್ತಾದ್ರೆ ನನ್ನ ಕತೆ ಮುಗೀತು ಅಂತ ಮೂಲೆಗೆ ಕೂರಿಸ್ತೀರೇನೋ ಅಂತ ಹೆದರಿದ್ದೆ."

ಬೆಳಿಗ್ಗೆ ಅವರ ಮೇಲೆ ರೇಗಿದ್ದು ನೆನಪಾಗಿ ನಾನು ನನ್ನ ಕುರ್ಚಿಯನ್ನು ಅವರತ್ತ ಸರಿಸಿದೆ. ಕಾರ್ಯದರ್ಶಿ ಕೈ ಮುಗಿದರು. "ತಪ್ಪಾಯ್ತು, ಡ್ರೈವರಣ್ಣ." ಆಮೇಲೆ ಕಪಾಟಿನಿಂದ ತಮ್ಮ ಟ್ಯಾಂಕ್ ತಂದು ಮುಂದಿಟ್ಟರು. "ನಂದು ನೋಡಿ, ಗೋಡೆಗೆ ಸುಣ್ಣ ಹೊಡೆದಂಗಿದೆ. ನನಗೂ ಹೇಳ್ಕೊಡಿ."

ಡ್ರೈವರಣ್ಣ ಸ್ಪಂಜಿನ ಚೂರು ಹರಿದು, ಅದ್ದಿ, ಒರೆಸಿ, ಅಂಚಿನುದ್ದಕ್ಕೂ ಒತ್ತುತ್ತ ಹೋದರು. ಪಟ್ಟೆ ಕಣ್ಣೆದುರೇ ಕರಗಿತು. ಕಾರ್ಯದರ್ಶಿ ಅದೇ ಚೂರನ್ನು ಗಟ್ಟಿಯಾಗಿ ಹಿಡಿದು ಒತ್ತಿದರು. ಬಣ್ಣ ಮುದ್ದೆಯಾಗಿ ಅಂಟಿಕೊಂಡಿತು.

"ಅಷ್ಟು ಬಿಗಿ ಹಿಡೀಬೇಡಿ ಸಾರ್," ಎಂದರು ಡ್ರೈವರಣ್ಣ. "ಕೈ ಸ್ವಲ್ಪ ನಡುಗಲಿ ಬಿಡಿ."