ಮಡಕೆಯ ಕೊರಳಲ್ಲಿ ಮೂರು ಗುಳಿ

ಬಲು ಹಿಂದೆ, ಕಲ್ಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕೆಂಜಾಡಿ ರಾಜ್ಯದಲ್ಲಿ ವಕ್ರಸೇನನೆಂಬ ಮಾಂತ್ರಿಕ ದೊರೆಯಿದ್ದ. ಅವನ ವಾಡೆಯ ಹಿಂದೆ ಹನ್ನೆರಡು ಆಳುಗಳು ಬೆಳೆಸಿದ ತೋಟವಿತ್ತು. ಇದು ನೀವು ಬೆಳೆಸಿದ್ದು ಅಂತ ನಮಗೆ ಒಂದು ಮಾತು ಹೇಳಿ, ಸಾಕು ಎಂದು ಅವರು ಕೇಳಿದರು. ಅಷ್ಟಕ್ಕೇ ಆ ಪಾಪಿ ಹನ್ನೆರಡು ಮಂದಿಯನ್ನೂ ಕಲ್ಲು ಮಾಡಿ ನಿಲ್ಲಿಸಿದ! ಅವರಲ್ಲಿ ತಿಪ್ಪವ್ವ ಒಬ್ಬಳು, ಕುಡುಗೋಲಿಗೆ ಒಂದು ಬೆರಳು ಕಳಕೊಂಡವಳು. ನೀರುಣಿಸುವವರಿಲ್ಲದೆ ತೋಟ ಒಣಗಿತು, ವಾಡೆ ಕುಸಿಯಿತು, ಎಲ್ಲದರ ಮೇಲೆ ಮಣ್ಣು ಬಿತ್ತು.

ದೊರೆ ಬೆಟ್ಟದ ಮೇಲೆ ಹೊಸ ಅರಮನೆ ಕಟ್ಟಿದ. ಆ ತೋಟ ತನ್ನ ಮಂತ್ರದಿಂದ ಎದ್ದದ್ದು, ಅಲ್ಲಿ ಆಳುಗಳೇ ಇರಲಿಲ್ಲ ಎಂದು ಡಂಗುರ ಹೊಡೆಸಿದ. ತಿಪ್ಪವ್ವನ ಮಗಳು ದುರುಗಿ ಅದನ್ನು ಕೇಳಿ ಸಿಟ್ಟಿಗೆದ್ದಳು. ಮಣ್ಣು ಅಗೆದು ಬದುಕುವವಳು, ಗುದ್ದಲಿ ಹೆಗಲಿಗೇರಿಸಿ ಹೋಗಿ ನೀನು ಸುಳ್ಳುಗಾರ ಎಂದು ಅವನ ಮುಖಕ್ಕೇ ಅಂದಳು.

ದೊರೆ ಪಣ ಕಟ್ಟಿದ. ಪಾಳುತೋಟದ ಬಾಗಿಲಲ್ಲಿದ್ದ ಕಲ್ಲುಸಿಂಹಕ್ಕೆ ಸುಳ್ಳು ಬರುತ್ತಿರಲಿಲ್ಲ, ತೀರ್ಪು ಅದರದ್ದು. ಮೂರು ಸಲ ಅಗೆದು ಮನುಷ್ಯರ ಕೈಗುರುತು ತೋರಿಸಿದರೆ ಶಾಪ ಕಳಚುತ್ತದೆ, ತನ್ನ ಮಂತ್ರವೂ ಹೋಗುತ್ತದೆ. ಇಲ್ಲವಾದರೆ ಹದಿಮೂರನೆಯ ಕಲ್ಲು ನೀನೇ ಎಂದ.

ಮೊದಲ ಸಲ ಅಗೆದಾಗ ಇಟ್ಟಿಗೆಯ ಕಾಲುವೆ ಸಿಕ್ಕಿತು. ತನ್ನ ಭೂತಗಳು ಕಟ್ಟಿದ್ದು ಎಂದ ದೊರೆ. "ಸಾಲದು" ಅಂದಿತು ಸಿಂಹ.

ಎರಡನೆಯ ಸಲ ಕೆಂಪು ಮಣ್ಣಿನಲ್ಲಿ ಸಾಲಾಗಿ ಕಪ್ಪು ಮಣ್ಣಿನ ವೃತ್ತಗಳು ಕಂಡವು, ಗಿಡ ನೆಟ್ಟ ಗುಂಡಿಗಳು. ಅವೂ ಮಂತ್ರದಿಂದಲೇ ಆದವು ಎಂದ. "ಸಾಲದು" ಅಂದಿತು ಸಿಂಹ. ದುರುಗಿ ಹಲ್ಲು ಕಚ್ಚಿದಳು. ಸೋತಂತೆಲ್ಲ ಕಲ್ಲು ಕಾಲಿನಿಂದ ಮೇಲೇರುತ್ತಿತ್ತು, ಮೊಣಕಾಲಿನವರೆಗೆ ಅವಳಾಗಲೇ ಕಲ್ಲಾಗಿದ್ದಳು.

ಮೂರನೆಯ ಸಲ ನಿಂತಲ್ಲಿಂದಲೇ ಬಾಗಿ ಅಗೆದಾಗ ಗುಂಡಿಯ ಪಕ್ಕದಲ್ಲಿ ಮಡಕೆ ಸಿಕ್ಕಿತು. ಬೇರಿಗೆ ನೀರು ಜಿನುಗಲೆಂದು ಆಳುಗಳು ತಾವೇ ತಟ್ಟಿ ಹೂಳುತ್ತಿದ್ದ ಮಡಕೆ. ಮಾಡಿದವರು ಹೊರಗೆ ಗೀಚಿದ್ದ ಹೆಸರನ್ನು ದೊರೆ ಎಂದೋ ಉಜ್ಜಿ ಅಳಿಸಿದ್ದ. ನುಣ್ಣಗಿದೆ ನೋಡು ಎಂದು ಹಲ್ಲು ಕಿರಿದ. ಸೊಂಟದವರೆಗೆ ಕಲ್ಲೇರಿತು.

ದುರುಗಿ ಮಡಕೆಯನ್ನು ಎತ್ತಿದಳು, ನೀರು ಹೊತ್ತವರು ಎತ್ತುವ ಹಾಗೆ, ಕೊರಳೊಳಗೆ ಬೆರಳಿಟ್ಟು. ಒಳಗೆ ಗುಳಿಗಳಿದ್ದವು. ಹಸಿ ಮಡಕೆ ಎತ್ತಿದ ಬೆರಳುಗಳ ಗುಳಿ. ನಾಲ್ಕಿರಬೇಕಾದ ಕಡೆ ಮೂರೇ ಇದ್ದವು. ಅವಳು ಮಡಕೆಯ ಬಾಯನ್ನು ಸಿಂಹದ ಕಡೆಗೆ ತಿರುಗಿಸಿದಳು.

"ಜನ್ಮದಲ್ಲಿ ಒಂದು ಕೊಡ ನೀರು ಹೊತ್ತಿದ್ದರೆ ಒಳಗೂ ಉಜ್ಜುತ್ತಿದ್ದೆ ಕಣೋ," ಅಂದಳು. "ಇದು ನಮ್ಮವ್ವನ ಕೈ."

"ಮನುಷ್ಯರ ಕೈ," ಅಂದಿತು ಸಿಂಹ.

ಕಲ್ಲುಗಳು ಬೆವರಿದವು. ಹನ್ನೆರಡು ಮಂದಿ ಉಸಿರೆಳೆದುಕೊಂಡರು, ದುರುಗಿಯ ಕಾಲಿಗೆ ರಕ್ತ ಇಳಿಯಿತು. ದೊರೆಯ ಬಾಯಲ್ಲಿ ಒಂದು ಮಂತ್ರವೂ ಉಳಿಯಲಿಲ್ಲ. ತಿಪ್ಪವ್ವ ಮಗಳನ್ನು ಅಪ್ಪಿ ಅತ್ತಳು, ಆಮೇಲೆ ಮಡಕೆಯನ್ನು ಅವನ ಮುಂದಿಟ್ಟಳು.

"ಒಳಗೆ ಬೆರಳು ಹಾಕಿ ಎತ್ತು ದೊರೆ. ಗಿಡಗಳು ಕಾಯ್ತಾ ಇವೆ."

ಅಂದಿನಿಂದ ಅವನು ನೀರು ಹೊತ್ತ, ಸಿಂಹ ದಿನಾ ಬೆಳಿಗ್ಗೆ ಹನ್ನೆರಡು ಹೆಸರು ಕೂಗಿತು, ತೋಟ ಚಿಗುರಿತು, ಎಲ್ಲರೂ ಸುಖವಾಗಿದ್ದರು. ದುರುಗಿಯ ಸಿಟ್ಟು ಮಾತ್ರ ಇಳಿಯಲಿಲ್ಲ. ಇಳಿಸಿಕೋ ಅಂತ ಅವಳಿಗೆ ಯಾರೂ ಹೇಳಲೂ ಇಲ್ಲ.