ಅಮಾವಾಸ್ಯೆಗೆ ರಜೆ

ಹಾವೇರಿ ಜಿಲ್ಲೆಯ ಚರಿತ್ರೆಯಲ್ಲಿ ದಾಖಲಾಗಬೇಕಾದ ಘಟನೆಯೊಂದು ಮೇ ತಿಂಗಳ ಒಂದು ಬೆಳಿಗ್ಗೆ ಎಂಟಕ್ಕೆ ನಡೆಯಿತು: ಆರನೇ ಇಯತ್ತೆಯ ರೋಹಿಣಿ ಅಪ್ಪನ ಫೋನಿನಲ್ಲಿ ಅಮಾವಾಸ್ಯೆಗೆ ರಜೆ ಘೋಷಿಸಿದಳು.

"ಯಾರನ್ನ ಕೇಳಿ ಮುಟ್ಟಿದಿ?" ಅಪ್ಪ ಚಂದ್ರಪ್ಪ ಚಹಾದ ಕಪ್ಪು ಕೆಳಗಿಟ್ಟ.

"ಯಾರನ್ನೂ ಕೇಳಿಲ್ಲ."

ಚಂದ್ರಪ್ಪ ಮನೆಗಳಿಗೆ ಬಣ್ಣ ಹಚ್ಚಿಸುವ ಕಾಂಟ್ರ್ಯಾಕ್ಟರ್. ಅಮಾವಾಸ್ಯೆ ದಿನ ಯಾರೂ ಗೋಡೆಗೆ ಮೊದಲ ಬ್ರಶ್ ಮುಟ್ಟಿಸಗೊಡುವುದಿಲ್ಲ. ಹಾಗಾಗಿ ತಿಂಗಳಿಗೊಂದು ದಿನ ಅವನು ಮನೆಯಲ್ಲಿರುತ್ತಿದ್ದ, ರೋಹಿಣಿಯ ಸೈಕಲ್ಲಿನ ಸೀಟು ಹಿಡಿದು ಹಿಂದೆ ಓಡುತ್ತಿದ್ದ.

ರಾಣೇಬೆನ್ನೂರಿನ ಸುಚಿತ್ರಾ ಅತ್ತೆ ಬುಕಿಂಗ್ ಆ್ಯಪ್ ಹಾಕಿಕೊಟ್ಟ ಮೇಲೆ ಅದೂ ಹೋಯಿತು. ಆ್ಯಪಿಗೆ ಗೊತ್ತಿದ್ದ ರಜೆ ಭಾನುವಾರ ಒಂದೇ. ಭಾನುವಾರವೋ, ಮಾಲೀಕರು ಮನೆಯಲ್ಲಿ ಸಿಗುತ್ತಾರೆಂದು ಅಪ್ಪ ಗೋಡೆ ಅಳೆಯಲು ಹೋಗಿಬಿಡುತ್ತಿದ್ದ.

ಕಳೆದ ಅಮಾವಾಸ್ಯೆಗೆ ಆ್ಯಪ್ ಹೇಳಿತೆಂದು ಆಳುಗಳನ್ನು ಕಟ್ಟಿಕೊಂಡು ಬ್ಯಾಡಗಿಗೆ ಹೋಗಿದ್ದ. ಆ ಮನೆಯ ಅಜ್ಜಿ ಹೊಸ್ತಿಲಲ್ಲೇ ನಿಂತು ಏಣಿ ಸಮೇತ ವಾಪಸು ಕಳಿಸಿದ್ದಳು. ಶಾಲೆ ತೆರೆಯುವ ಮೊದಲು ಉಳಿದದ್ದು ಒಂದೇ ಅಮಾವಾಸ್ಯೆ. ಅದೂ ಬುಕ್ ಆಗಿತ್ತು.

ರೋಹಿಣಿ ಆ ತಾರೀಖಿಗೆ ಬೆರಳಿಟ್ಟಾಗ, "ಬುಕಿಂಗ್ ಇದೆ, ರದ್ದು ಮಾಡಲೇ?" ಎಂದು ಫೋನು ಕೇಳಿತ್ತು. ಮಾಡಿದ್ದಳು. ಗೋಡೆಯ ಕ್ಯಾಲೆಂಡರ್ ನೋಡಿ ಮುಂದಿನ ಅಮಾವಾಸ್ಯೆಗಳನ್ನೂ ಮುಚ್ಚಿದ್ದಳು. ಭಾನುವಾರ ತೆರೆದಿದ್ದಳು.

ರದ್ದಾದ ಮೆಸೇಜು ಅತ್ತೆಗೂ ಹೋಗಿತ್ತು. ಅವಳ ಫೋನು ಬಂತು, ರೋಹಿಣಿಯೇ ಎತ್ತಿದಳು.

"ಜಗತ್ತೆಲ್ಲಾ ಸಂಡೇ ರಜಾ ಕೊಡ್ತೈತಿ. ನಿಂದೇನ ಹೊಸಾದು?"

"ಜಗತ್ತು ಬ್ಯಾಡಗ್ಯಾಗ ಬಣ್ಣಾ ಹಚ್ಚಸೂದಿಲ್ಲಲ್ಲ, ಅತ್ತಿ."

ಅತ್ತೆ ಫೋನು ಇಟ್ಟ ಮೇಲೆ ಇನ್ನೊಂದು ಬಂತು. ಆ ಅಮಾವಾಸ್ಯೆಗೆ ಬುಕ್ ಮಾಡಿದ್ದ, ರೋಹಿಣಿಯ ಶಾಲೆಯ ಪುಷ್ಪಲತಾ ಟೀಚರ್! ಅಪ್ಪ ಫೋನನ್ನು ಬಿಸಿ ಪಾತ್ರೆಯಂತೆ ಮಗಳ ಕೈಗೆ ದಾಟಿಸಿದ. "ತಗೋ, ನೀನ ಮಾತಾಡು."

"ಟೀಚರ್, ಅವತ್ತ ಅಮಾಸಿ ಐತ್ರಿ," ಎಂದಳು ರೋಹಿಣಿ.

ಆ ಕಡೆ ಕ್ಯಾಲೆಂಡರಿನ ಹಾಳೆ ತಿರುವಿದ ಸದ್ದು. ಆಮೇಲೆ, "ಅಯ್ಯ, ನಾ ನೋಡೇ ಇಲ್ಲ. ನಮ್ಮನಿ ಹಿರೇರು ಬಾಗಲಾನ ತಗೀತಿರಲಿಲ್ಲ. ಮರದಿನಾ ಕಳಸವ್ವಾ ನಿಮ್ಮಪ್ಪನ್ನ."

ಅಪ್ಪ ಆರಿದ ಚಹಾ ಎತ್ತಿಕೊಂಡ.

"ಅಮಾಸಿ ಅಂತ ಗೊತ್ತಿದ್ದೂ ಬ್ಯಾಡಗಿಗೆ ಯಾಕ ಹೋಗಿದ್ದಿ?" ರೋಹಿಣಿ ಬಿಡಲಿಲ್ಲ.

"ಅದು ಹೋಗು ಅಂತು. ಹೋದೆ."

ರೋಹಿಣಿ ಅಪ್ಪನನ್ನೇ ನೋಡಿದಳು. ಮೂರಂತಸ್ತಿನ ಏಣಿ ಹತ್ತುವ ಮನುಷ್ಯನಿಗೆ ಒಂದು ಫೋನಿಗೆ ಒಲ್ಲೆ ಅನ್ನಲು ಬರುವುದಿಲ್ಲ. ರಜೆ ನೀನೇ ಯಾಕೆ ಹಾಕಲಿಲ್ಲ ಎಂದು ಕೇಳಬೇಕೆಂದಿದ್ದುದನ್ನು ಬಿಟ್ಟು, ಅವಳು ಸೈಕಲ್ಲಿನ ಪಂಪು ಹುಡುಕಲು ಎದ್ದಳು.

ಅಮಾವಾಸ್ಯೆಯಂದು ರೋಹಿಣಿ ಬಲಕ್ಕೆ ತಿರುಗುವುದನ್ನು ಕಲಿತಳು. ಎಡಕ್ಕೆ ತಿರುಗುವಾಗ ಬಿದ್ದಳು.